ತಲೆಬಾಗಿಲಿನ ಹಳೇ ವಾರ್ನಿಶ್ ತೆಗೆಯುವುದು: ಕಲಬುರಗಿ ಬಿಸಿಲಿಗೆ ಹೊಂದುವ ದಾರಿ

ಮೊದಲೇ ಹೇಳಿಬಿಡ್ತೀನಿ, ಈ ಕೆಲಸವನ್ನು ಏಪ್ರಿಲ್, ಮೇ ತಿಂಗಳಲ್ಲಿ ಹಿಡಿಯಬೇಡಿ. ಮಕ್ಕಳಿಗೆ ರಜೆ, ಮನೆಯಲ್ಲಿ ಜನ ಇರ್ತಾರೆ ಅಂತ ಎಲ್ಲರೂ ಆಗಲೇ ಶುರು ಮಾಡುತ್ತಾರೆ. ಆದರೆ ಪೇಂಟ್ ರಿಮೂವರ್ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಮೆಥಿಲೀನ್ ಕ್ಲೋರೈಡ್. ಅದು ಕುದಿಯುವುದೇ ಸುಮಾರು 40 ಡಿಗ್ರಿಗೆ. ನಮ್ಮ ಕಲಬುರಗಿಯ ಮೇ ಮಧ್ಯಾಹ್ನ ಅದನ್ನೂ ದಾಟುತ್ತದೆ. ಹಚ್ಚಿದ್ದು ಬಣ್ಣದೊಳಗೆ ಇಳಿಯುವ ಮೊದಲೇ ಹಾರಿ ನಿಮ್ಮ ಮೂಗಿಗೆ ಸೇರುತ್ತದೆ. ದುಡ್ಡೂ ಹೋಯ್ತು, ತಲೆಯೂ ತಿರುಗಿತು. ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿಯೊಳಗೆ, ಬೆಳಗಿನ ಹೊತ್ತು ಮಾಡಿ.

ಬ್ರಹ್ಮಪುರದ ನಮ್ಮ ಮನೆಯ ಬಾಗಿಲು ಸಾಗವಾನಿಯದು. ಮೇಲೆ ಕಂದು ವಾರ್ನಿಶ್, ಅದರಡಿ ಹಸಿರು ಎನಾಮೆಲ್, ಅದರಡಿ ಇನ್ನೂ ಹಳೇ ಪಾಲಿಶ್. ಮನೆಯಲ್ಲಿ ಮದುವೆ ಬಂದಾಗಲೆಲ್ಲ ಒಂದು ಕೋಟ್ ಬಿದ್ದಿದೆ. ಬಣ್ಣದವರು ಈ ಸಲವೂ ಅದನ್ನೇ ಹೇಳಿದರು: "ಅಕ್ಕೋರೆ, ಅದನ್ಯಾಕ ಕೆರೀತೀರಿ? ಮ್ಯಾಲೊಂದು ಕೋಟ್ ಹೊಡದ್ರ ಆತು ಬಿಡ್ರಿ." ಆದರೆ ಅಡಿಯ ಪದರವೇ ಮರ ಬಿಟ್ಟು ಎದ್ದಿದ್ದರೆ ಮೇಲಿನದು ಎಲ್ಲಿ ನಿಲ್ಲುತ್ತೆ?

ಮೊದಲು ಮೇಲಿರುವುದು ಏನು ಅಂತ ನೋಡಿಕೊಳ್ಳಿ. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ತಿಕ್ಕಿ. ಅಂಟಂಟಾಗಿ ಕರಗಿದರೆ ಅದು ಅರಗಿನ ಪಾಲಿಶ್. ನಿಮ್ಮ ಅದೃಷ್ಟ, ಸ್ಪಿರಿಟ್ಟು ಮತ್ತು ಬಟ್ಟೆಯಲ್ಲೇ ಕೆಲಸ ಮುಗಿಯುತ್ತದೆ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಶ್ಶೋ ಎನಾಮೆಲ್ಲೋ ಇರಬೇಕು. ಅದಕ್ಕೆ ರಿಮೂವರ್ರೇ ಗತಿ.

ರಿಮೂವರ್ ಅಂದರೆ ಹುಡುಗಾಟ ಅಲ್ಲ. ಅಮೆರಿಕದಲ್ಲಿ ಮೆಥಿಲೀನ್ ಕ್ಲೋರೈಡ್ ಇರುವ ಡಬ್ಬಿಯನ್ನು ಮನೆಬಳಕೆಗೆ ಮಾರದಂತೆ 2019ರಲ್ಲೇ ತಡೆದಿದ್ದಾರೆ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಹೊಸ್ತಿಲು ಕೆರೆಯುವಾಗ ನಾವು ಕೂರುವುದೂ ಅಲ್ಲೇ ಅಲ್ವಾ? ಹಾಗಾಗಿ ಬಾಗಿಲನ್ನು ಕೀಲಿನಿಂದ ಬಿಚ್ಚಿ ಹೊರಗೆ ನೆರಳಲ್ಲಿ ಮಲಗಿಸಿಕೊಳ್ಳಿ. ಮುಖಕ್ಕೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯಲ್ಲ. ಆಸ್ಪತ್ರೆಯ ತೆಳು ಗ್ಲೌಸನ್ನೂ ಅದು ಬೇಗ ದಾಟಿ ಬರುತ್ತದೆ. ದಪ್ಪ ರಬ್ಬರಿನದೂ ಅದನ್ನು ಹೆಚ್ಚು ಹೊತ್ತು ತಡೆಯಲ್ಲ. ಡಬ್ಬಿಯ ಮೇಲೆ ಹೇಳಿದ ಬಗೆಯ ಗ್ಲೌಸೇ ಹಾಕಿ, ಉಬ್ಬಿದರೆ ತಕ್ಷಣ ಬದಲಿಸಿ. ಮೆಥಿಲೀನ್ ಕ್ಲೋರೈಡ್ ಇಲ್ಲದ ಡಬ್ಬಿ ಸಿಕ್ಕರೆ ಅದನ್ನೇ ತನ್ನಿ. ನಿಧಾನ, ಆದರೆ ಆಗುತ್ತದೆ.

ಬ್ರಷ್‌ನಿಂದ ದಪ್ಪಗೆ, ಒಂದೇ ಕಡೆಗೆ ಎಳೆದು ಹಚ್ಚಿ. ಹಿಂದೆ ಮುಂದೆ ಆಡಿಸಬೇಡಿ. ರಿಮೂವರ್‌ನಲ್ಲಿ ಮೇಣ ಇರುತ್ತದೆ, ಅದು ಮೇಲೆ ಪೊರೆ ಕಟ್ಟಿ ಆರದಂತೆ ತಡೆಯುತ್ತದೆ. ಬ್ರಷ್ ಆಡಿಸಿದರೆ ಪೊರೆ ಹರಿಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಾಯಿರಿ. ಸ್ವಲ್ಪ ಹೊತ್ತಿಗೆ ಹಾಳೆಯ ಕೆಳಗೆ ಬಣ್ಣ ಸುಕ್ಕುಗಟ್ಟುವುದು ಕಾಣುತ್ತದೆ. ಆಗ ಮೂಲೆ ಮೊಂಡಾಗಿಸಿದ ಕೆರೆಯುವ ಪಟ್ಟಿಯನ್ನು ಮರದ ಎಳೆಗುಂಟ ತಳ್ಳಿ. ಹಸಿರು ಬಣ್ಣ ಉದ್ದ ಸುರುಳಿಯಾಗಿ ಏಳುತ್ತದೆ, ಕೆಳಗೆ ಸಾಗವಾನಿಯ ಗೆರೆ ಕಾಣುತ್ತದೆ. ಜಗ್ಗದಿದ್ದರೆ ಒತ್ತಬೇಡಿ, ಇನ್ನೊಂದು ಸಲ ಹಚ್ಚಿ. ಕೆತ್ತನೆಯ ಸಂದಿಗೆ ಬಿದಿರಿನ ಕಡ್ಡಿ, ಹಳೇ ಹಲ್ಲುಜ್ಜುವ ಬ್ರಷ್. ದುಂಡನೆಯ ಭಾಗಕ್ಕೆ ಸೆಣಬಿನ ಹಗ್ಗ ಸುತ್ತಿ ಮಜ್ಜಿಗೆ ಕಡೆದಂತೆ ಎಳೆದಾಡಿ.

ಸೀಸದ ವಿಷಯ ಮರೆಯಬೇಡಿ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಎನಾಮೆಲ್ ಅಂದರೆ ಸೀಸ ಇದೆ ಅಂತಲೇ ತಿಳಿಯಿರಿ. ಒಣಗಿದ್ದನ್ನು ಮಷಿನ್ ಹಾಕಿ ಉಜ್ಜಿ ಧೂಳೆಬ್ಬಿಸಬೇಡಿ, ಬೆಂಕಿ ಹಿಡಿದು ಸುಡಲೂ ಬೇಡಿ. ಮಕ್ಕಳು, ಬಸುರಿಯರು ಆ ಕಡೆ ಬರಬಾರದು. ಕೆರೆದದ್ದನ್ನು ಪೇಪರಿನಲ್ಲಿ ಕಟ್ಟಿಡಿ, ಅಂಗಳದ ಗಿಡಕ್ಕೆ ಗುಡಿಸಬೇಡಿ.

ಎಲ್ಲ ಬಂದ ಮೇಲೆ ಥಿನ್ನರ್ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮೇಣ ಉಳಿದರೆ ಹೊಸ ವಾರ್ನಿಶ್ ಸರಿಯಾಗಿ ಆರುವುದಿಲ್ಲ. ಹತ್ತಿರ ದೀಪ, ಊದಿನಕಡ್ಡಿ ಬೇಡ. ಸ್ಟೀಲ್ ವುಲ್ಲಿನಿಂದಲೂ ತಿಕ್ಕಬೇಡಿ. ಉದುರಿದ ಕಬ್ಬಿಣದ ಎಳೆ ನೀರು ತಾಗಿದರೆ ಸಾಗವಾನಿಯಲ್ಲಿ ಕಪ್ಪು ಚುಕ್ಕೆ ಹಾಕುತ್ತದೆ.

ಹಳೇ ಮೊಳೆಯ ಸುತ್ತ ಇರುವ ಕಪ್ಪು ಕಲೆಯೂ ಅದೇ ಜಾತಿಯದು. ಬೆಚ್ಚಗಿನ ಒಂದು ಲೀಟರ್ ನೀರಿಗೆ 100 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ, ಕಲೆ ಮಾಸಿದ ಮೇಲೆ ನೀರಿನಿಂದ ಎರಡು ಮೂರು ಸಲ ತೊಳೆಯಿರಿ. ಅದು ವಿಷ. ಅಡುಗೆಯ ಪಾತ್ರೆ ಬಳಸಬೇಡಿ. ಕೆಳಗಿನ ಶಹಾಬಾದಿ ಫರಸಿಗೆ ದಪ್ಪ ಹಾಳೆ ಹಾಸಿ. ಫರಸಿ ಸುಣ್ಣಕಲ್ಲು, ಆಸಿಡ್ ಬಿದ್ದರೆ ಹೊಳಪು ಹೋಗುತ್ತದೆ.

ಹೊಸ್ತಿಲಿನ ಕಥೆ ಬೇರೆ. ವರ್ಷಾನುಗಟ್ಟಲೆ ಅರಿಶಿನ, ಎಣ್ಣೆ ಕುಡಿದಿರುತ್ತದೆ. ಬಟ್ಟೆ ಒಗೆಯುವ ಸೋಡಾದ ನೀರು ಹಾಕಿದರೆ ಅದು ಕೆಂಪಗಾಗುತ್ತದೆ, ನಮ್ಮತ್ತೆ ಗಾಬರಿಯಾಗಿದ್ದರು. ಅರಿಶಿನದ ಗುಣವೇ ಅದು, ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಹಳದಿ ಹೋಗಲು ಬಿಸಿಲೇ ಮದ್ದು. ಬಿಸಿಲು ಬೀಳುವ ಹೊಸ್ತಿಲನ್ನು ಕೆಲವು ದಿನ ಸುಮ್ನೆ ಹಾಗೇ ಬಿಡಿ.

ಕೊನೆಗೆ ಪಾಲಿಶ್ ಪೇಪರ್, ಸ್ವಲ್ಪ ಒದ್ದೆ ಮಾಡಿಕೊಂಡು: ಮೊದಲು 120 ನಂಬರಿನದು, ಆಮೇಲೆ 180. ಎಳೆಗುಂಟವೇ ಉಜ್ಜಬೇಕು, ಅಡ್ಡ ಹೋದರೆ ಗೀರು ಹೊಸ ಕೋಟಿನಡಿ ಎದ್ದು ಕಾಣುತ್ತದೆ. ಪೂರ್ತಿ ಒಣಗಿದ ಮೇಲೆ ಹೊಸ ವಾರ್ನಿಶ್ಶೋ ಅಗಸೆ ಎಣ್ಣೆಯೋ, ನಿಮ್ಮ ಇಷ್ಟ. ನಾನಂತೂ ಎಣ್ಣೆಯ ಕಡೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಒಂದೊಂದಾಗಿ ಬಿಡಿಸಿ ಹರವಿ, ಗಟ್ಟಿಯಾಗಿ ಒಣಗಿದ ಮೇಲೆ ಎಸೆಯಿರಿ.