ಕಾಳುಮೆಣಸಿನಿಂದ ಉಷ್ಣವಹನವನ್ನು ಪರೀಕ್ಷಿಸುವ ವಿಧಾನ

ಯಾವ ಘನವಸ್ತು ಉಷ್ಣವನ್ನು ಬೇಗ ಸಾಗಿಸುತ್ತದೆ ಎಂಬುದನ್ನು ಕೊಡಗಿನ ಯಾವ ಅಡುಗೆಮನೆಯಲ್ಲಾದರೂ ಪರೀಕ್ಷಿಸಬಹುದು. ಒಂದೇ ಉದ್ದ, ಒಂದೇ ದಪ್ಪದ ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನೂ ಅಷ್ಟೇ ದಪ್ಪದ ಬಿದಿರುಕಡ್ಡಿಯನ್ನೂ ಹೊಂದಿಸಿಕೊಳ್ಳಿ. ದಪ್ಪ ರಟ್ಟಿನಲ್ಲಿ ಬಿಗಿಯಾದ ತೂತುಗಳನ್ನು ಮಾಡಿ ಅವನ್ನು ತೂರಿಸಿ, ರಟ್ಟಿನಿಂದ 3 ಸೆಂಟಿಮೀಟರ್ ಮೇಲೆ ಪ್ರತಿಯೊಂದಕ್ಕೂ ಒಂದೊಂದು ಕಾಳುಮೆಣಸನ್ನು ಮೇಣದಿಂದ ಅಂಟಿಸಿ. ಬಳಿಕ ಕೆಳತುದಿಗಳು ಮುಳುಗುವಂತೆ ರಟ್ಟನ್ನು ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು, ಉರಿಯನ್ನು ಸಣ್ಣಗೆ ಮಾಡಿ. ಹಬೆ ನೇರವಾಗಿ ಮೇಣಕ್ಕೆ ತಾಗಿದರೆ ಪರೀಕ್ಷೆಯೇ ಕೆಡುತ್ತದೆಯಾದ್ದರಿಂದ ರಟ್ಟಿನ ಅಂಚಿನಲ್ಲಿ ಸಂದು ಉಳಿಯಬಾರದು. (ಎತ್ತರದಲ್ಲಿರುವ ಮಡಿಕೇರಿಯಲ್ಲಿ ನೀರು ಸುಮಾರು 96 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಮೇಣ ಕರಗಲು ಅಷ್ಟು ಧಾರಾಳ ಸಾಕು.)

ಮೊದಲು ತಾಮ್ರದ ಕಾಳು, ನಂತರ ಅಲ್ಯೂಮಿನಿಯಂನದು, ತಡವಾಗಿ ಕಬ್ಬಿಣದ್ದು ಜಾರುತ್ತದೆ. ಸರಳು ತನ್ನ ಉದ್ದಕ್ಕೂ ಗಾಳಿಗೆ ಉಷ್ಣವನ್ನು ಬಿಟ್ಟುಕೊಡುವುದರಿಂದ, ಮಳೆಗಾಲದ ಚಳಿಯಲ್ಲಿ ಸ್ಟೀಲಿನ ಕಾಳು ಬೀಳದೆಯೇ ಉಳಿದರೂ ಆಶ್ಚರ್ಯವಿಲ್ಲ, ಬಿದಿರಿನದಂತೂ ಅಲುಗದು. ಮೀಟರ್-ಕೆಲ್ವಿನ್‌ಗೆ ವಾಟ್ ಲೆಕ್ಕದಲ್ಲಿ ತಾಮ್ರದ ಉಷ್ಣವಾಹಕತೆ ಸುಮಾರು 400, ಕಬ್ಬಿಣದ್ದು 80, ಸ್ಟೇನ್‌ಲೆಸ್ ಸ್ಟೀಲಿನದು ಕೇವಲ 15ರ ಆಸುಪಾಸು. ತಾಮ್ರದಲ್ಲಿ ಸ್ವತಂತ್ರವಾಗಿ ಚಲಿಸುವ ಎಲೆಕ್ಟ್ರಾನುಗಳು ಶಕ್ತಿಯನ್ನು ಹೊತ್ತೊಯ್ಯುತ್ತವೆ. ಸ್ಟೀಲಿನಲ್ಲಿ ಬೆರೆತ ಕ್ರೋಮಿಯಂ, ನಿಕಲ್ ಪರಮಾಣುಗಳು ಅವುಗಳ ಓಟಕ್ಕೆ ಅಡ್ಡಿಯಾಗುತ್ತವೆ. ಬಿದಿರಿನಲ್ಲಿ ಅಂಥ ಎಲೆಕ್ಟ್ರಾನುಗಳೇ ಇಲ್ಲ, ಮೇಲಾಗಿ ಅದರ ನಾರುಗಳ ನಡುವೆ ಗಾಳಿ ತುಂಬಿರುತ್ತದೆ.

ಸರಳುಗಳ ದಪ್ಪ ಒಂದೇ ಆಗಿರಬೇಕೆಂಬ ನಿಯಮವನ್ನು ಸಡಿಲಿಸಬೇಡಿ: ಫ್ರೆಂಚ್ ಗಣಿತಜ್ಞ ಫೂರಿಯೆ 1822ರಲ್ಲಿ ಪ್ರಕಟಿಸಿದ ಸಿದ್ಧಾಂತದಂತೆ, ಹರಿಯುವ ಉಷ್ಣದ ಪ್ರಮಾಣ ವಸ್ತುವಿನ ಗುಣವನ್ನಷ್ಟೇ ಅಲ್ಲ, ಅಡ್ಡಕೊಯ್ತದ ವಿಸ್ತೀರ್ಣವನ್ನೂ ಅವಲಂಬಿಸಿದೆ.