ಸೆಸ್ನಾ ವಿಮಾನವನ್ನು ಹ್ಯಾಂಗರಿನಿಂದ ಒಬ್ಬನೇ ತೆಗೆದು ಒಬ್ಬನೇ ಇಡುವುದು: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಾನು ನೋಡಿಕೊಳ್ಳುವುದು ನಾಲ್ಕು ಸೀಟಿನ ಒಂದು ಸೆಸ್ನಾ 172. ಹಾರಿಸುವವರು ಮಾಲೀಕರು. ಹ್ಯಾಂಗರಿನಿಂದ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನಿಂದ, ಹೊರಗೆ ತರುವುದು, ಒಳಗೆ ಇಡುವುದು, ಒರೆಸುವುದು ನನ್ನ ಕೆಲಸ. ಹೆಚ್ಚಿನ ದಿನ ಜೊತೆಗೆ ಯಾರೂ ಇರುವುದಿಲ್ಲ. "ಇಷ್ಟ್ ದೊಡ್ಡದನ್ನ ಒಬ್ಬರ ಹೆಂಗ್ರಿ ದಬ್ಬತೀರಿ?" ಅಂತ ಕೇಳುತ್ತಾರೆ. "ದಬ್ಬೂದೇನ್ರಿ, ದಬ್ಬಬಹುದು. ನೋಡೂದ ಕಷ್ಟ" ಅನ್ನುತ್ತೇನೆ.

ಖಾಲಿ ವಿಮಾನ ಸುಮಾರು 750 ಕಿಲೋ. ಟ್ಯಾಂಕ್ ತುಂಬಿದ್ದರೆ ಇಂಧನದ್ದೇ ಇನ್ನೂ 150 ಕಿಲೋ. ಟೈರಿನಲ್ಲಿ ಗಾಳಿ ಸರಿಯಿದ್ದರೆ ಸಮತಟ್ಟು ಕಾಂಕ್ರೀಟಿನ ಮೇಲೆ ಒಬ್ಬ ಉರುಳಿಸಬಹುದು. ಆದರೆ ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್, ಮೂಗಿನಿಂದ ಬಾಲಕ್ಕೆ 8 ಮೀಟರಿಗೂ ಹೆಚ್ಚು. ಮೂಗಿನ ಹತ್ತಿರ ನಿಂತವನ ಕಣ್ಣಿಗೆ ಎರಡೂ ರೆಕ್ಕೆಯ ತುದಿ ಒಮ್ಮೆಲೇ ಬೀಳುವುದಿಲ್ಲ, ಬಾಲದ ತುದಿಯಂತೂ ಮರೆ. ಇಬ್ಬರಿದ್ದರೆ ಒಬ್ಬ ರೆಕ್ಕೆ ಕಾಯುತ್ತಾನೆ. ಒಬ್ಬನೇ ಇದ್ದಾಗ ನೋಡುವ ಕೆಲಸವನ್ನು ಮೊದಲೇ ಮುಗಿಸಿರಬೇಕು.

ಅದಕ್ಕೇ ನೆಲದ ಮೇಲೆ ಗೆರೆ ಎಳೆದೆ. ಒಂದು ದಿನ ಇಬ್ಬರನ್ನು ಕರೆದು, ಎರಡೂ ರೆಕ್ಕೆಗಳ ಆಚೆ ಒಂದೇ ಅಳತೆಯ ಜಾಗ ಉಳಿಯುವಂತೆ ವಿಮಾನವನ್ನು ನಿಲ್ಲಿಸಿ, ಮೂಗಿನ ಚಕ್ರಕ್ಕೊಂದು, ಹಿಂದಿನ ಎರಡು ಚಕ್ರಗಳಿಗೆ ಒಂದೊಂದು ಹಳದಿ ಪಟ್ಟೆ ಬಳಿದೆ. ಪಟ್ಟೆಗಳು ಬಾಗಿಲ ಆಚೆಗೂ ಒಂದು ವಿಮಾನದುದ್ದ ಹೋಗಲೇಬೇಕು, ಯಾಕೆಂದರೆ ನೆಟ್ಟಗೆ ಮಾಡಿಕೊಳ್ಳುವುದೆಲ್ಲ ಹೊರಗೇ ಆಗಬೇಕು. ಬಾಗಿಲಲ್ಲಿ ತಿದ್ದಲು ಹೋದರೆ ರೆಕ್ಕೆಗೆ ಜಾಗವಿರುವುದಿಲ್ಲ. ಒಳತುದಿಯಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡವಾಗಿ ಎರಡು ಮರದ ತೊಲೆ ಬೋಲ್ಟ್ ಮಾಡಿದ್ದೇನೆ. ಬಾಲ ಗೋಡೆಗೆ ತಾಗುವ ಮೊದಲೇ ಚಕ್ರ ನಿಲ್ಲುತ್ತದೆ.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹ್ಯಾಂಗರಿನ ನೆಲಕ್ಕೂ ಹೊರಗಿನ ಕಾಂಕ್ರೀಟಿಗೂ ನಡುವೆ ಬೆರಳು ದಪ್ಪದ ಮೆಟ್ಟಿಲು ಎದ್ದಿದೆ. ಅದರ ಜೊತೆಗೆ ನೀರು ಹರಿದುಹೋಗಲೆಂದು ಹೊರಗೆ ಇಳಿಜಾರು. ಒಳಗೆ ತರುವಾಗ ಏರು, ಹೊರಗೆ ಒಯ್ಯುವಾಗ ಇಳಿಜಾರಿನಲ್ಲಿ ವಿಮಾನ ನಮ್ಮ ಮೈಮೇಲೇ ಬರುತ್ತದೆ. ಎರಡಕ್ಕೂ ಸೇರಿ ಜೀಪಿಗೆ ಹಾಕುವಂಥ 12 ವೋಲ್ಟಿನ ವಿಂಚನ್ನು, ಅಂದರೆ ಹಗ್ಗ ಸುತ್ತಿ ಎಳೆಯುವ ಮೋಟಾರನ್ನು, ಹಿಂಗೋಡೆಯ ಬುಡದಲ್ಲಿ ಕೂರಿಸಿದೆ. ಅದರ ಹಗ್ಗದ ತುದಿಯಲ್ಲಿ ಕವಲೊಡೆದ ಬೆಲ್ಟು, ಹಿಂದಿನ ಎರಡೂ ಕಾಲುಗಳ ಬುಡಕ್ಕೆ. ಒಂದು ಕೈಯಲ್ಲಿ ರಿಮೋಟು, ಇನ್ನೊಂದರಲ್ಲಿ ಮೂಗಿನ ಚಕ್ರಕ್ಕೆ ಸಿಕ್ಕಿಸಿದ ಟೋ ಬಾರ್, ಅಂದರೆ ಚಕ್ರ ತಿರುಗಿಸುವ ಉದ್ದನೆಯ ಹಿಡಿಕೋಲು. ಒಳಗೆ ಎಳೆಯುವುದೂ ವಿಂಚೇ, ಹೊರಗೆ ಬಿಡುವಾಗ ಮೆಲ್ಲಗೆ ಸಡಿಲಿಸುತ್ತ ತಡೆಹಿಡಿಯುವುದೂ ಅದೇ. ವಿಂಚಿಗೆ ಹಾಕಿದ ದುಡ್ಡು ಸಾರ್ಥಕ ಅಂತ ಧೈರ್ಯವಾಗಿ ಹೇಳುತ್ತೇನೆ.

ಹಿಂದಕ್ಕೆ ತಿರುಗಿಸುವ ಲೆಕ್ಕ ಕೈಗೆ ಹತ್ತಬೇಕು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದೆ ಹಾಕಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಇಲ್ಲಿ ಬಾರಿನ ಹಿಡಿ ಎತ್ತ ಸರಿಯುತ್ತದೋ ಬಾಲವೂ ಅತ್ತಲೇ. ಆದರೆ ಮೂಗಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಬರೀ 1.65 ಮೀಟರ್, ಬಾಲ ಅಲ್ಲಿಂದ ಬಹಳ ದೂರ. ಮೂಗು ಒಂದು ಗೇಣು ಸರಿದರೆ ಬಾಲ ಮೂರು ಗೇಣು ಸರಿಯುತ್ತದೆ. ಅದಕ್ಕೆ ಸಣ್ಣದಾಗಿ ತಿದ್ದಬೇಕು, ಬೇಗ ತಿದ್ದಬೇಕು. ಮೂಗಿನ ಚಕ್ರವನ್ನು ಯಾವ ಕಡೆಗೂ 30 ಡಿಗ್ರಿಗಿಂತ ಹೆಚ್ಚು ತಿರುಗಿಸಬಾರದು, ಒಳಗಿನ ಭಾಗ ಮುರಿಯುತ್ತದೆ.

ಕೈಯಿಂದ ದಬ್ಬುವುದಾದರೆ ರೆಕ್ಕೆಗೆ ಆಸರೆಯಾದ ಸ್ಟ್ರಟ್ಟಿನ ಬುಡ ಹಿಡಿಯಿರಿ. ಬಾಲದ ಅಡ್ಡರೆಕ್ಕೆ, ಅಲುಗಾಡುವ ಪಟ್ಟಿಗಳು, ಪ್ರೊಪೆಲ್ಲರಿನ ನಡುವಿನ ಟೊಪ್ಪಿಗೆ ಮುಟ್ಟಬೇಡಿ. ಪ್ರೊಪೆಲ್ಲರ್ ಹಿಡಿದು ಎಳೆಯುವವರಿದ್ದಾರೆ, ನಾನು ಎಳೆಯುವುದಿಲ್ಲ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಗ್ರೌಂಡ್ ವೈರ್ (ಅದನ್ನು ಆಫ್ ಮಾಡುವ ತಂತಿ) ಕಡಿದಿದ್ದರೆ ಕೀಲಿ ಆಫ್ ಇದ್ದರೂ ಅದು ಕಿಡಿ ಕೊಡುತ್ತದೆ, ಸಿಲಿಂಡರಿನಲ್ಲಿ ಉಳಿದ ಇಂಧನಕ್ಕೆ ಅಷ್ಟು ಸಾಕು.

ಆಷಾಢದ ಪಡುವಣ ಗಾಳಿಯದ್ದೇ ಬೇರೆ ಮಾತು. ನಮ್ಮ ಬಾಗಿಲು ಉತ್ತರಕ್ಕೆ. ಮೂಗು ಹೊರಗೆ ಬಂದಾಗ ಏನೂ ಅನ್ನಿಸುವುದಿಲ್ಲ, ಬಾಲ ಇನ್ನೂ ಮರೆಯಲ್ಲಿರುತ್ತದೆ. ಬಾಲ ಬಾಗಿಲು ದಾಟಿದ ಕ್ಷಣ ಅದರ ನಿಂತ ರೆಕ್ಕೆಗೆ ಗಾಳಿ ಹೊಡೆದು ವಿಮಾನ ಪಶ್ಚಿಮಕ್ಕೆ ಮೂಗು ಎಳೆಯುತ್ತದೆ. ಅಲ್ಲಿಯವರೆಗೂ ಹಗ್ಗ ಬಿಚ್ಚುವುದಿಲ್ಲ. ಬಿಚ್ಚುವ ಮೊದಲು ಚಕ್ರಗಳಿಗೆ ರಬ್ಬರ್ ಅಡೆ ಕೊಡುತ್ತೇನೆ. ಗಾಳಿ ಬಿಟ್ಟು ಬಿಟ್ಟು ಜೋರಾಗಿ ಬೀಸುವ ದಿನ ಕಾವಲುಗಾರರನ್ನು ಕರೆಯುತ್ತೇನೆ, ಬರುವವರೆಗೆ ಬಾಗಿಲು ತೆರೆಯುವುದಿಲ್ಲ.

ಕೊನೆಗೆ ಟೋ ಬಾರ್. ಅದನ್ನು ಸಿಕ್ಕಿಸಿಟ್ಟೇ ಎಂಜಿನ್ ಶುರು ಮಾಡಿದರೆ ಪ್ರೊಪೆಲ್ಲರ್ ಬಾರಿಗೆ ಬಡಿಯುತ್ತದೆ, ಆಮೇಲೆ ಎಂಜಿನ್ನನ್ನೇ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ. ಬಾರಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ, ಬಾಗಿಲ ಪಕ್ಕದ ಗೋಡೆಯಲ್ಲಿ ಅದಕ್ಕೊಂದು ಕೊಕ್ಕೆಯಿದೆ. ವಿಮಾನದ ಕೀಲಿಯೂ ಅದೇ ಕೊಕ್ಕೆಗೆ. ಬಾರನ್ನು ಅಲ್ಲಿ ತೂಗುಹಾಕಿದ ಮೇಲೆಯೇ ಕೀಲಿ ತೆಗೆದು ಮಾಲೀಕರ ಕೈಗೆ ಕೊಡುತ್ತೇನೆ.