ಲೋಗೋ ಅಂಟಿಸುವ ಮುಂಚೆ ಬರೆದ ಪತ್ರಗಳು

ಅಸೆಟ್ಟೊ ಕೊರ್ಸಾ ಎಂಬ ಕಾರ್ ರೇಸಿಂಗ್ ಗೇಮ್‌ಗೆ ನಾನು ಕಟ್ಟಿದ ಮೊದಲ ಕಾರಿಗೆ ಏಳು ತಿಂಗಳು ಹಿಡಿಯಿತು. ಮೊದಲು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಬಾಡಿ, ಆಮೇಲೆ ಒಳಗಿನ ಡ್ಯಾಶ್‌ಬೋರ್ಡ್, ಕೊನೆಗೆ ಸಸ್ಪೆನ್ಶನ್ ಮತ್ತು ಟಾರ್ಕ್ ಲೆಕ್ಕ. ಎಲ್ಲ ಮುಗಿದು ಬಾನೆಟ್ ಮೇಲೆ ಲೋಗೋ ಕೂರಿಸಬೇಕು ಅನ್ನುವಾಗ ಕೈ ನಿಂತಿತು. ಮೆಶ್‌ನ, ಅಂದರೆ ಕಾರಿನ 3ಡಿ ಜಾಲರಿಯ, ಒಂದೊಂದು ಗೆರೆಯೂ ನಾನೇ ಎಳೆದದ್ದು ನಿಜ. ಆದರೆ ಆ ಆಕಾರ ಬೇರೆಯವರದು, ಹೆಸರೂ ಲೋಗೋವೂ ಅವರದೇ. ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಹೀಗೆ ಗೇಮ್‌ಗೆ ತಾವೇ ಕಟ್ಟಿ ಸೇರಿಸುವುದಕ್ಕೆ ಮಾಡ್ ಅನ್ನುತ್ತಾರೆ, ಕಟ್ಟುವವರಿಗೆ ಮಾಡರ್. ಎಷ್ಟೋ ಮಾಡರ್‌ಗಳು ಕೇಳುವುದಿಲ್ಲ. ಪುಕ್ಕಟೆ ಕೊಡ್ತೀವಿ, ಕಂಪನಿಗೆ ಪ್ರಚಾರ ಸಿಗುತ್ತೆ, ಅವರಿಗೇನು ನಷ್ಟ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ನನಗೆ ಅದು ಸರಿ ಅನ್ನಿಸಲಿಲ್ಲ. ಆ ಕಾರನ್ನು ಅಷ್ಟು ಇಷ್ಟಪಟ್ಟು ಕಟ್ಟಿದ್ದೇನೆ, ಅದನ್ನು ಮಾಡಿದವರಿಗೇ ಹೇಳದೆ ಹಂಚುವುದು ಹೇಗೆ?

ಹಾಗಾಗಿ ಬರೆದೆ. ಮೊದಲ ಪತ್ರ ಎರಡು ಪುಟ ಇತ್ತು. ಚಿಕ್ಕಂದಿನಿಂದ ಆ ಕಾರಿನ ಮೇಲೆ ಇರುವ ಪ್ರೀತಿಯೇ ಒಂದೂವರೆ ಪುಟ. ಕೊನೆಯಲ್ಲಿ, ನಿಮ್ಮ ಕಾರುಗಳನ್ನು ಗೇಮ್‌ಗೆ ತರಲು ಅನುಮತಿ ಕೊಡಿ ಎಂದಿದ್ದೆ. ಅದನ್ನು ಗ್ರಾಹಕ ಸೇವೆಯ ವಿಳಾಸಕ್ಕೆ ಕಳಿಸಿದೆ. ಮೂರು ವಾರದ ನಂತರ ನಾಲ್ಕು ಸಾಲಿನ ಉತ್ತರ ಬಂತು: ಆಗುವುದಿಲ್ಲ, ಕ್ಷಮಿಸಿ.

ಆಗ ತುಂಬ ಬೇಜಾರಾಯಿತು. ಈಗ ಆ ಪತ್ರ ಓದಿದರೆ ತಪ್ಪು ಎಲ್ಲಿತ್ತು ಅಂತ ಕಾಣುತ್ತದೆ. ಯಾವ ಕಾರು, ಯಾವ ಗೇಮ್, ಎಷ್ಟು ದಿನಕ್ಕೆ, ದುಡ್ಡು ತಗೋತೀನಾ ಇಲ್ವಾ, ಯಾವುದನ್ನೂ ಹೇಳಿರಲಿಲ್ಲ. ಇಷ್ಟು ಸಡಿಲವಾದ ಕೋರಿಕೆಗೆ ಯಾವ ವಕೀಲರೂ ಹೂಂ ಅನ್ನುವುದಿಲ್ಲ. ಜೊತೆಗೆ, ಪತ್ರ ಓದುವವರಿಗೆ ಮನಸ್ಸಿದ್ದರೂ ಕೈ ಕಟ್ಟಿರಬಹುದು. ಪೋರ್ಷೆಯನ್ನೇ ನೋಡಿ. ಅದರ ಗೇಮ್ ಹಕ್ಕು ವರ್ಷಗಟ್ಟಲೆ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಗೇಮ್ ಕಂಪನಿಯ ಕೈಯಲ್ಲೇ ಇತ್ತು. ಆ ಒಪ್ಪಂದ ಮುಗಿದದ್ದು 2016ರ ಕೊನೆಗೆ. ಅಲ್ಲಿಯವರೆಗೆ ಗ್ರಾನ್ ಟೂರಿಸ್ಮೊ ಆಡುವವರಿಗೆ ಪೋರ್ಷೆ ಬದಲು ಸಿಗುತ್ತಿದ್ದದ್ದು ರೂಫ್ ಕಾರುಗಳು. ಪೋರ್ಷೆ ಬಾಡಿ ತಗೊಂಡು ತನ್ನದೇ ಹೆಸರಿನಲ್ಲಿ ಕಾರು ಮಾಡುವ ಜರ್ಮನ್ ಕಂಪನಿ ಅದು. ದೊಡ್ಡ ಸ್ಟುಡಿಯೋಗಳೇ ಹೀಗೆ ಸುತ್ತು ಹಾಕಿ ಬರಬೇಕಾಗಿದ್ದಾಗ, ಒಬ್ಬ ಮಾಡರ್‌ಗೆ ಒಂದು ಇಮೇಲ್‌ನಲ್ಲಿ ಎಲ್ಲ ಕೊಡಲು ಅವರಿಗೆ ಆಗುತ್ತದೆಯೇ?

ಮುಂದಿನ ಪತ್ರಕ್ಕೆ ಮುಂಚೆ ಸ್ವಲ್ಪ ಓದಿಕೊಂಡೆ. ಬಾಡಿಯ ಆಕಾರಕ್ಕೆ ಡಿಸೈನ್ ಹಕ್ಕು ಇರುತ್ತದೆ. ಯುರೋಪಿನಲ್ಲಿ ನೋಂದಾಯಿಸಿದ ಡಿಸೈನ್‌ಗೆ ಹೆಚ್ಚೆಂದರೆ 25 ವರ್ಷ. ಹೆಸರು ಮತ್ತು ಲೋಗೋ ಟ್ರೇಡ್‌ಮಾರ್ಕ್. ಅದನ್ನು ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತಾ ಹೋದರೆ ಕೊನೆಯೇ ಇಲ್ಲ. ಕೋರ್ಟಿನ ತೀರ್ಪುಗಳನ್ನೂ ಓದಿದೆ. ಒಪೆಲ್ ಲೋಗೋ ಇದ್ದ ಆಟಿಕೆ ಕಾರಿನ ಕೇಸಿನಲ್ಲಿ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2010ರಲ್ಲಿ ಆಟಿಕೆ ಮಾಡಿದವರ ಪರ ನಿಂತಿತು. ಗೇಮ್‌ನಲ್ಲಿ ಹಮ್ವೀ ಎಂಬ ಸೇನಾ ವಾಹನ ತೋರಿಸಿದ್ದಕ್ಕೆ ಅದನ್ನು ತಯಾರಿಸುವ ಎಎಂ ಜನರಲ್ ಹಾಕಿದ ಕೇಸಿನಲ್ಲಿ ಗೇಮ್ ಕಂಪನಿ ಆಕ್ಟಿವಿಶನ್ 2020ರಲ್ಲಿ ಗೆದ್ದಿತು. ಇವನ್ನು ಓದಿ, ಹಾಗಾದರೆ ಕೇಳಬೇಕಾಗಿಯೇ ಇಲ್ಲ ಅಂತ ಧೈರ್ಯ ತಂದುಕೊಂಡ ಗೆಳೆಯರು ಇದ್ದಾರೆ. ನನಗೆ ಆ ಧೈರ್ಯ ಬರಲಿಲ್ಲ. ಹಮ್ವೀ ಕೇಸು ಶುರುವಾದದ್ದು 2017ರಲ್ಲಿ. ಅಷ್ಟು ದಿನ ವಕೀಲರ ಫೀಸು ಕಟ್ಟುವ ಶಕ್ತಿ ಆಕ್ಟಿವಿಶನ್‌ಗೆ ಇತ್ತು, ನನಗಿಲ್ಲ.

ಎರಡನೇ ಸಲಕ್ಕೆ ಬೇರೆ ಕಾರು ಆರಿಸಿಕೊಂಡೆ. ಸಣ್ಣ ಕಂಪನಿಯೊಂದರ ಹಳೆಯ ಸ್ಪೋರ್ಟ್ಸ್ ಕಾರು. ಅದನ್ನು ಕಟ್ಟಿ ಮುಗಿಸಿದ ಮೇಲೆ ಮಾಡಿದ ಕೆಲಸ ಇದು: ಸ್ಕ್ರೀನ್‌ಶಾಟ್‌ಗಳನ್ನು ತೆಗೆದು, ಬೇರೆಯವರ ಹೆಸರು ಕಾಣುವ ಜಾಗಕ್ಕೆಲ್ಲ ಕೆಂಪು ಸುತ್ತು ಹಾಕಿದೆ. ಹದಿನಾಲ್ಕು ಸುತ್ತು ಬಿದ್ದವು! ಟೈರ್ ಪಕ್ಕದಲ್ಲಿ ಮಿಶೆಲಿನ್. ಬ್ರೇಕ್ ಕ್ಯಾಲಿಪರ್ ಮೇಲೆ ಬ್ರೆಂಬೊ. ವೀಲ್ ನಡುವೆ ಬಿಬಿಎಸ್, ಸೀಟಿನ ಬೆನ್ನಿಗೆ ರೆಕಾರೊ. ಇವಕ್ಕೆಲ್ಲ ಕಾರು ಕಂಪನಿ ಒಪ್ಪಿಗೆ ಕೊಡಲು ಬರುವುದಿಲ್ಲ, ಅವು ಅವರದಲ್ಲ. ರೇಸಿಂಗ್ ಬಣ್ಣ ಹಾಕಿದ ಸ್ಕಿನ್ (ಕಾರಿನ ಮೇಲಿನ ಬಣ್ಣ, ಚಿತ್ರಗಳ ಹೊದಿಕೆ) ಅಂತೂ ಇನ್ನೂ ಕಷ್ಟ. ತಂಡ, ಸ್ಪಾನ್ಸರ್, ಸರಣಿ ಎಲ್ಲರನ್ನೂ ಕೇಳಬೇಕು. ಅದನ್ನು ಪೂರ್ತಿ ಬಿಟ್ಟೆ. ಟೈರ್ ಮೇಲೆ ಬರೀ ಅಳತೆ ಬರೆದೆ, ಕ್ಯಾಲಿಪರ್ ಖಾಲಿ ಬಿಟ್ಟೆ. ಕೊನೆಗೆ ಉಳಿದದ್ದು ಮೂರೇ: ಕಾರಿನ ಹೆಸರು, ಮುಂದಿನ ಬ್ಯಾಡ್ಜ್, ಹಿಂದಿನ ಅಕ್ಷರಗಳು. ಪತ್ರದ ಅರ್ಧ ಕೆಲಸ ಅಲ್ಲೇ ಮುಗಿದಿತ್ತು.

ಈ ಸಲ ಗ್ರಾಹಕ ಸೇವೆಗೆ ಬರೆಯಲಿಲ್ಲ. ಹಳೆಯ ಕಾರುಗಳ ದಾಖಲೆ ನೋಡಿಕೊಳ್ಳುವ ಹೆರಿಟೇಜ್ ವಿಭಾಗಕ್ಕೆ ಬರೆದೆ. ಆ ಕಾರಿನ ಮೇಲೆ ನಮ್ಮಷ್ಟೇ ಅಕ್ಕರೆ ಇರುವ ಜನ ಅಲ್ಲಿರುತ್ತಾರೆ. ಪತ್ರ ಒಂದೇ ಪುಟ. ಇಂಥ ಮಾಡೆಲ್, ಇಂಥ ವರ್ಷದ್ದು. ಇಂಥ ಗೇಮ್, ಪಿಸಿಯಲ್ಲಿ ಮಾತ್ರ. ಉಚಿತ, ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಕಂಪನಿಯ ಅಧಿಕೃತ ಉತ್ಪನ್ನವಲ್ಲ ಎಂದು ಮಾಡ್‌ನ ವಿವರದಲ್ಲೇ ಬರೆಯುತ್ತೇನೆ. ನೀವು ಬೇಡ ಅಂದರೆ 48 ಗಂಟೆಯೊಳಗೆ ತೆಗೆಯುತ್ತೇನೆ. ನನಗೆ ಬೇಕಾದದ್ದು ಈ ಒಂದು ಮಾಡ್‌ನಲ್ಲಿ ನಿಮ್ಮ ಹೆಸರು ಮತ್ತು ಎರಡು ಗುರುತು ಬಳಸಲು ಒಪ್ಪಿಗೆ, ಅಷ್ಟೇ. ಜೊತೆಗೆ ಆರು ಚಿತ್ರ, 40 ಸೆಕೆಂಡಿನ ಒಂದು ವಿಡಿಯೋ.

ಐದು ವಾರ ಸದ್ದಿಲ್ಲ. ಸುಮ್ನೆ ಇದ್ದಾರೆ ಅಂದರೆ ಒಪ್ಪಿದ ಹಾಗೆ ಅಲ್ವಾ ಎಂದು ಒಬ್ಬ ಗೆಳೆಯ ಕೇಳಿದ. ದಯವಿಟ್ಟು ಯಾರೂ ಹಾಗೆ ತಿಳಿಯಬೇಡಿ. ಒಂದು ಸಲ ಮೆಲ್ಲಗೆ ನೆನಪಿಸಿ, ಮತ್ತೆ ಕಾಯಿರಿ.

ಆರನೇ ವಾರ ಉತ್ತರ ಬಂತು, ಪ್ರಶ್ನೆಗಳ ಜೊತೆ. ಮೊದಲನೆಯದೇ ಮುಖ್ಯವಾದದ್ದು: ಈ ಮೆಶ್ ಎಲ್ಲಿಂದ ಬಂತು? ಬೇರೆ ಗೇಮ್‌ನಿಂದ ಕಿತ್ತು ತಂದ ಮಾಡೆಲ್‌ಗಳು ಮಾಡ್ ಲೋಕದಲ್ಲಿ ಬಹಳ. ಅಂಥದ್ದಕ್ಕೆ ಒಪ್ಪಿಗೆ ಕೊಟ್ಟರೆ, ಲೈಸೆನ್ಸ್‌ಗೆ ದುಡ್ಡು ಕೊಟ್ಟ ಸ್ಟುಡಿಯೋ ಜೊತೆ ಕಂಪನಿಗೇ ಜಗಳ. ನಾನು ವಾರಕ್ಕೊಂದರಂತೆ ಬ್ಲೆಂಡರ್ ಫೈಲ್ ಉಳಿಸಿಟ್ಟಿದ್ದೆ. ಖಾಲಿ ಡಬ್ಬಿಯಿಂದ ಕಾರಾಗುವವರೆಗಿನ ಹನ್ನೆರಡು ಹಂತಗಳ ಚಿತ್ರ ಕಳಿಸಿದೆ. ನನಗೆ ಒಪ್ಪಿಗೆ ಸಿಕ್ಕಿದ್ದು ಇದರಿಂದಲೇ ಅಂತ ಇವತ್ತಿಗೂ ನಂಬಿದ್ದೇನೆ. ಮಾಡ್ ಶುರು ಮಾಡುವವರು ಹಳೆಯ ಫೈಲ್ ಅಳಿಸಬೇಡಿ.

ಕಾರು ಗುದ್ದಿದರೆ ಏನಾಗುತ್ತದೆ ಎಂದೂ ಕೇಳಿದ್ದರು. ಸ್ವಲ್ಪ ಗೀರು, ಧೂಳು ಕಾಣುತ್ತದೆ, ಬಾಡಿ ಚಿಂದಿಯಾಗುವುದಿಲ್ಲ ಎಂದೆ. ಗೇಮ್‌ನಲ್ಲಿ ರಸ್ತೆ ದಾಟುವ ಜನರಿದ್ದಾರೆಯೇ? ಇಲ್ಲ, ಇದು ಟ್ರ್ಯಾಕ್ ಮೇಲಿನ ಆಟ. ಬೇರೆಯವರು ನಿಮ್ಮ ಮಾಡ್ ಬಿಚ್ಚಿ ಬದಲಿಸಬಹುದಾ? ಇದಕ್ಕೆ ನಿಜವನ್ನೇ ಹೇಳಿದೆ: ಬಿಚ್ಚುವವರನ್ನು ಪೂರ್ತಿ ತಡೆಯಲು ನನ್ನಿಂದ ಆಗುವುದಿಲ್ಲ, ಆದರೆ ಹಾಗೆ ಮಾಡಬಾರದು ಎಂದು ಸ್ಪಷ್ಟವಾಗಿ ಬರೆಯುತ್ತೇನೆ.

ಕೊನೆಗೆ ಬಂದ ಒಪ್ಪಿಗೆ ಪತ್ರಕ್ಕೆ ಎರಡು ವರ್ಷದ ಅವಧಿ ಇತ್ತು. ಬೇರೆ ಗೇಮ್‌ಗೆ ಒಯ್ಯುವಂತಿಲ್ಲ, ಹೊಸ ಆವೃತ್ತಿ ಬಂದಾಗ ಮೊದಲು ಅವರಿಗೆ ತೋರಿಸಬೇಕು. ಎಲ್ಲಕ್ಕೂ ಒಪ್ಪಿದೆ. ಒಂದು ಸಾಲಿಗೆ ಮಾತ್ರ ತಕರಾರು ತೆಗೆದೆ: ಮಾಡ್‌ನ ಎಲ್ಲ ಹಕ್ಕೂ ಕಂಪನಿಯದು ಎಂದಿತ್ತು. ಮೆಶ್ ನನ್ನದು, ಹೆಸರು ಮತ್ತು ಗುರುತು ನಿಮ್ಮದು ಎಂದು ಬದಲಿಸಿ ಅಂತ ಕೇಳಿದೆ. ಮರುದಿನವೇ ಬದಲಿಸಿ ಕಳಿಸಿದರು. ಕೇಳಲು ನಾನು ಮೂರು ದಿನ ಹೆದರಿದ್ದೆ.

ಅದರ ಜೊತೆ ನಾನು ಕೇಳದೆಯೇ ಎರಡು ಫೈಲ್ ಬಂದಿದ್ದವು. ಬ್ಯಾಡ್ಜ್‌ನ ಮೂಲ ರೇಖಾಚಿತ್ರ ಒಂದು. ವರ್ಕ್‌ಶಾಪ್ ಕೈಪಿಡಿಯಿಂದ ತೆಗೆದ, ಮುಂದಿನ ಹಿಂದಿನ ತೂಕ ಬರೆದ ಪುಟ ಇನ್ನೊಂದು. ನಾನು ಹಾಕಿದ್ದ ಬ್ಯಾಡ್ಜ್ ಎರಡು ವರ್ಷ ಆಮೇಲಿನ ಕಾರಿನದಂತೆ, ಅಕ್ಷರದ ಅಂಚು ಬೇರೆ ಇತ್ತು. ತೂಕವನ್ನೂ ನಾನು ಮುಂದಕ್ಕೆ ಜಾಸ್ತಿ ಹಾಕಿದ್ದೆ. ಸರಿಪಡಿಸಿ ಓಡಿಸಿದಾಗ ತಿರುವಿನಲ್ಲಿ ಮೂತಿ ಸಲೀಸಾಗಿ ಒಳಗೆ ಬಂತು. ಅವತ್ತು ರಾತ್ರಿ ಎರಡು ಗಂಟೆಯವರೆಗೆ ಸುಮ್ನೆ ಓಡಿಸುತ್ತಲೇ ಇದ್ದೆ.

ಮೊದಲ ಕಾರು ಇನ್ನೂ ನನ್ನ ಹಾರ್ಡ್ ಡಿಸ್ಕ್‌ನಲ್ಲೇ ಇದೆ. ಲೋಗೋ ತೆಗೆದು ಬೇರೆ ಹೆಸರಿಟ್ಟು ಬಿಡು ಅಂದವರಿದ್ದಾರೆ. ನೋಡಿದವರಿಗೆಲ್ಲ ಅದು ಯಾವ ಕಾರು ಅಂತ ತಕ್ಷಣ ಗೊತ್ತಾಗುತ್ತದೆ, ಆ ಆಕಾರದ ಹಕ್ಕೂ ಇನ್ನೂ ಮುಗಿದಿಲ್ಲ. ಕಳೆದ ತಿಂಗಳು ಅದೇ ಕಂಪನಿಗೆ ಮತ್ತೆ ಬರೆದೆ. ಈ ಸಲ ಒಂದೇ ಪುಟ, ಒಂದೇ ಕಾರು, ಹಂತಗಳ ಚಿತ್ರ ಜೊತೆಗಿಟ್ಟು. ಉತ್ತರಕ್ಕೆ ಕಾಯುತ್ತಿದ್ದೇನೆ.